ಮೂಗುಪಟ್ಟಿ: ಹೆಸರಾಂತ ಬ್ರಾಂಡೋ, ಅಂಗಡಿಯ ಬ್ರಾಂಡೋ?

ಅಮೆರಿಕದ ದೊಡ್ಡ ಔಷಧ ಮಳಿಗೆಗಳಲ್ಲಿ ಶೀತ ಹಾಗೂ ಅಲರ್ಜಿ ಸರಕುಗಳ ಕಪಾಟಿನಲ್ಲಿ ಹೆಚ್ಚು ಕಡಿಮೆ ಒಂದೇ ಗಾತ್ರದ ಎರಡು ಪೆಟ್ಟಿಗೆಗಳು ಅಕ್ಕಪಕ್ಕದಲ್ಲಿ ಕಾಣಸಿಗುವುದುಂಟು. ಒಂದರ ಮೇಲೆ ‘ಬ್ರೀದ್ ರೈಟ್’ ಎಂಬ ಹೆಸರು. ಇನ್ನೊಂದರ ಮೇಲೆ ಆ ಮಳಿಗೆಯದೇ ಹೆಸರು: ಸಿವಿಎಸ್, ವಾಲ್‌ಗ್ರೀನ್ಸ್, ಇಲ್ಲವೆ ವಾಲ್‌ಮಾರ್ಟ್‌ನವರ ‘ಈಕ್ವೇಟ್’. ಎರಡರೊಳಗೂ ಇರುವುದು ಮೂಗಿನ ಸೇತುವೆಯ ಮೇಲೆ ಅಡ್ಡಲಾಗಿ ಅಂಟಿಸಿಕೊಳ್ಳುವ, ಔಷಧವಿಲ್ಲದ ಒಂದು ಪುಟ್ಟ ಪಟ್ಟಿ. ಅಂಗಡಿಯ ಹೆಸರಿನದು ಸಾಮಾನ್ಯವಾಗಿ ಅಗ್ಗ. ಹೆಸರಾಂತ ಸರಕಿನೊಡನೆ ಹೋಲಿಸಿ ನೋಡಿರೆಂದು ಇಂತಹ ಅಂಗಡಿ ಸರಕುಗಳ ಪೆಟ್ಟಿಗೆಯ ಮೇಲೆಯೇ ಆಹ್ವಾನವೂ ಅಚ್ಚಾಗಿರುತ್ತದೆ.

ಈ ಆಹ್ವಾನವನ್ನು ಗಂಭೀರವಾಗಿ ಸ್ವೀಕರಿಸಿ ಹೋಲಿಸಿ ನೋಡುವವರು ವಿರಳ. ‘ಒಳಗಿರುವುದೆಲ್ಲ ಒಂದೇ, ಹೆಸರಿಗೆ ಹಣ ಕೊಡಬೇಕೇಕೆ’ ಎನ್ನುವವರು ಒಂದು ಕಡೆ. ‘ಅಗ್ಗದ್ದು ಅಗ್ಗದ್ದೇ’ ಎನ್ನುವವರು ಇನ್ನೊಂದು ಕಡೆ. ಅಲರ್ಜಿಯ ಮಾತ್ರೆಗಳ ವಿಷಯದಲ್ಲಿ ಮೊದಲಿನವರ ಮಾತು ಬಹುಮಟ್ಟಿಗೆ ನಿಜ. ಮೂಗುಪಟ್ಟಿಯ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ಈ ಅರ್ಧ ವ್ಯತ್ಯಾಸವು ಎಲ್ಲಿಂದ ಬರುತ್ತದೆಂಬುದನ್ನು ಅರಿತುಕೊಳ್ಳುವುದು ಕೊಳ್ಳುವವರಿಗಷ್ಟೇ ಅಲ್ಲ, ತಮ್ಮ ಅಂಗಡಿಯ ಹೆಸರಿನಲ್ಲಿ ಸರಕು ಮಾರಲು ಹೊರಟಿರುವ ವರ್ತಕರಿಗೂ ಅಂತಹ ಸರಕನ್ನು ತಯಾರಿಸಿಕೊಡಲು ಮುಂದಾಗುವ ಸಣ್ಣ ಕೈಗಾರಿಕೆಗಳಿಗೂ ಅವಶ್ಯಕವಾಗಿದೆ.

ಪಟ್ಟಿಯು ಮಾಡುವುದೇನು, ಮಾಡದಿರುವುದೇನು

ಮೂಗಿನ ಹೊಳ್ಳೆಯಿಂದ ಸ್ವಲ್ಪ ಒಳಗೆ, ಮೃದ್ವಸ್ಥಿಯ ಭಾಗ ಮುಗಿಯುವೆಡೆಯಲ್ಲಿ, ಗಾಳಿಯ ಹಾದಿ ಅತ್ಯಂತ ಕಿರಿದಾಗುತ್ತದೆ. ವೈದ್ಯರು ಇದನ್ನು ಮೂಗಿನ ಕವಾಟವೆಂದು ಕರೆಯುತ್ತಾರೆ. ಮೂಗಿನ ಮೂಲಕ ಉಸಿರೆಳೆಯುವಾಗ ಎದುರಾಗುವ ಒಟ್ಟು ತಡೆಯಲ್ಲಿ ಅರ್ಧದಷ್ಟು ಈ ಒಂದು ಜಾಗದಲ್ಲಿಯೇ ಉಂಟಾಗುತ್ತದೆ. ಪಟ್ಟಿಯೊಳಗೆ ಪಾಲಿಯೆಸ್ಟರಿನ ಚಪ್ಪಟೆ ಸ್ಪ್ರಿಂಗುಗಳು ಹುದುಗಿರುತ್ತವೆ. ಮೂಗಿನ ಮೇಲೆ ಬಗ್ಗಿಸಿ ಅಂಟಿಸಿದಾಗ ಅವು ನೆಟ್ಟಗಾಗಲು ಹವಣಿಸುತ್ತವೆ. ಆ ಹವಣಿಕೆಯಲ್ಲಿ ಮೂಗಿನ ಎರಡು ಪಕ್ಕೆಗಳನ್ನೂ ಹೊರಕ್ಕೆ ಎಳೆದು ಹಿಡಿಯುತ್ತವೆ. ಇಷ್ಟೇ ಇದರ ಕೆಲಸ.

ಇಷ್ಟೇ ಎಂದರೂ ಪರಿಣಾಮ ಅಲ್ಪವಲ್ಲ. ಕೊಳವೆಯೊಳಗಿನ ಶಾಂತ ಹರಿವು ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬುದು ಭೌತಶಾಸ್ತ್ರದ ನಿಯಮ. ಅದರಂತೆ ತ್ರಿಜ್ಯ ಶೇಕಡಾ 10ರಷ್ಟು ಹಿಗ್ಗಿದರೆ ಹರಿವು ಶೇಕಡಾ 46ರಷ್ಟು ಹೆಚ್ಚಬೇಕು. ಮೂಗು ನೆಟ್ಟನೆಯ ಕೊಳವೆಯೂ ಅಲ್ಲ, ಅದರೊಳಗಿನ ಗಾಳಿ ಶಾಂತವಾಗಿ ಹರಿಯುವುದೂ ಇಲ್ಲವಾದ್ದರಿಂದ ಈ ಲೆಕ್ಕವನ್ನು ಯಥಾವತ್ ಅನ್ವಯಿಸಲಾಗದು. ಆದರೂ ಕೂದಲೆಳೆಯಷ್ಟು ಹಿಗ್ಗಿದರೂ ಉಸಿರು ಹಗುರವಾದಂತೆ ತೋರುವುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಅಲರ್ಜಿಯ ಮಾತು ಬಂದಾಗ ಮಾತ್ರ ಎಚ್ಚರ ಬೇಕು. ಪರಾಗ, ಧೂಳು, ಬೂಷ್ಟುಗಳಿಂದ ಕೆರಳಿದ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಹಿಸ್ಟಮೀನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಸೀನು, ನವೆ, ನೀರು ಸುರಿಯುವಿಕೆ ಆರಂಭವಾಗುತ್ತವೆ. ಹೊರಗೆ ಅಂಟಿಸಿದ ಪಟ್ಟಿ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಊದಿದ ಪದರದ ನಡುವೆ ಉಳಿದಿರುವ ಹಾದಿಯನ್ನು ಅದು ತುಸು ಅಗಲ ಮಾಡುತ್ತದೆ. ಆದುದರಿಂದ ರಾತ್ರಿ ಮೂಗು ಕಟ್ಟಿ ನಿದ್ದೆ ಬಾರದವರಿಗೆ ಇದು ನೆರವಾಗಬಹುದು. ಹಗಲೆಲ್ಲ ಸೀನುವವರಿಗೆ ನಿರರ್ಥಕ. ಪೆಟ್ಟಿಗೆಯ ಮೇಲೆ ಯಾರ ಹೆಸರಿದ್ದರೂ ಈ ಮಿತಿಯಲ್ಲಿ ಬದಲಾವಣೆಯಿಲ್ಲ. ಅಲರ್ಜಿ ಪರಿಹಾರವೆಂಬ ಮಾತಿನಲ್ಲಿ ‘ಪರಿಹಾರ’ ಎಂಬುದನ್ನು ಮೂಗು ಕಟ್ಟುವಿಕೆಗೆ ದೊರೆಯುವ ತಾತ್ಕಾಲಿಕ ಉಪಶಮನವೆಂದಷ್ಟೇ ಓದಿಕೊಳ್ಳತಕ್ಕದ್ದು.

ಆದರೂ ಪಟ್ಟಿಗೆ ಒಂದು ಹೆಚ್ಚುಗಾರಿಕೆಯಿದೆ. ಮೂಗಿಗೆ ಸಿಂಪಡಿಸುವ ಆಕ್ಸಿಮೆಟಜೊಲಿನ್‌ನಂತಹ ಔಷಧಗಳನ್ನು ಮೂರು ದಿನಗಳಿಗಿಂತ ಹೆಚ್ಚು ಬಳಸಿದರೆ ಮೂಗು ಮತ್ತಷ್ಟು ಬಿಗಿಯಾಗಿ ಕಟ್ಟಿಕೊಳ್ಳುವ ಅಪಾಯವುಂಟು. ಪಟ್ಟಿಯಲ್ಲಿ ಔಷಧವೇ ಇಲ್ಲವಾದ್ದರಿಂದ ಆ ಭಯವಿಲ್ಲ, ವೈದ್ಯರು ಕೊಟ್ಟ ಇತರ ಔಷಧಗಳೊಡನೆ ಘರ್ಷಣೆಯೂ ಇಲ್ಲ.

ಹೆಸರು ಸಂಪಾದನೆಯಾದ ಬಗೆ

ಈ ಸರಕಿನ ಜನಕ ಅಮೆರಿಕದ ಮಿನ್ನೆಸೋಟಾ ರಾಜ್ಯದ ಬ್ರೂಸ್ ಜಾನ್ಸನ್. ಅಲರ್ಜಿಯಿಂದಲೂ ಮೂಗಿನ ನಡುಗೋಡೆ ವಾಲಿದ್ದರಿಂದಲೂ ಬಳಲುತ್ತಿದ್ದ ಇವರಿಗೆ ಮೂಗನ್ನು ಒಳಗಿನಿಂದ ಹಿಗ್ಗಿಸುವ ಬದಲು ಹೊರಗಿನಿಂದ ಎಳೆದು ಹಿಡಿದರೆ ಹೇಗೆಂಬ ಆಲೋಚನೆ ಹೊಳೆಯಿತು. ಅದನ್ನು ಕೈಗೆತ್ತಿಕೊಂಡದ್ದು ಅದೇ ರಾಜ್ಯದ ಸಿಎನ್‌ಎಸ್ ಎಂಬ ಕಂಪನಿ. ನಿದ್ರಾದೋಷಗಳನ್ನು ಪತ್ತೆಹಚ್ಚುವ ಯಂತ್ರಗಳನ್ನು ತಯಾರಿಸುತ್ತಿದ್ದ ಈ ಸಣ್ಣ ಕಂಪನಿಗೆ ಗ್ರಾಹಕ ಸರಕುಗಳ ವ್ಯಾಪಾರ ಹೊಸದು. 1993ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು.

ಪ್ರಚಾರಕ್ಕೆ ಹಣ ಸುರಿಯುವ ಶಕ್ತಿ ಕಂಪನಿಗಿರಲಿಲ್ಲ. ಅದು ಹಿಡಿದ ದಾರಿ ವ್ಯಾಪಾರ ಕಲಿಯುವವರು ಗಮನಿಸತಕ್ಕದ್ದು. ಅಮೆರಿಕದ ಫುಟ್‌ಬಾಲ್ ಆಟಗಾರರಿಗೆ ಪಟ್ಟಿಗಳು ತಲುಪಿದವು. 1994ರಲ್ಲಿ ಹರ್ಷಲ್ ವಾಕರ್ ಎಂಬ ಪ್ರಸಿದ್ಧ ಆಟಗಾರ ಅದನ್ನು ಧರಿಸಿ ಮೈದಾನಕ್ಕಿಳಿದರು. 1995ರ ಜನವರಿಯಲ್ಲಿ ನಡೆದ ಸೂಪರ್ ಬೌಲ್ ಪಂದ್ಯದಲ್ಲಿ ಜೆರ್ರಿ ರೈಸ್ ಮೂಗಿನ ಮೇಲೆ ಪಟ್ಟಿಯಿಟ್ಟುಕೊಂಡು ಮೂರು ಟಚ್‌ಡೌನ್ ಗಳಿಸಿದರು. ಮೂಗಿನ ಮೇಲಿನ ಆ ಪಟ್ಟಿಯೇನೆಂದು ದೇಶವೆಲ್ಲ ಕೇಳಿತು. ಕಂಪನಿ ಅದೇ ವರ್ಷ ತನ್ನ ಹಳೆಯ ಯಂತ್ರಗಳ ವ್ಯವಹಾರವನ್ನು ಮಾರಿ ಪಟ್ಟಿಯನ್ನೇ ನೆಚ್ಚಿಕೊಂಡಿತು. ಕ್ರೀಡಾಪಟುಗಳ ಮೂಗಿನಿಂದ ದೊರೆತ ಖ್ಯಾತಿಗೆ ಆಧಾರವಿತ್ತೇ ಎಂಬುದು ಬೇರೆ ಮಾತು. ಬಾಹ್ಯ ಮೂಗುಪಟ್ಟಿಗಳಿಂದ ಆಟಗಾರರ ಗರಿಷ್ಠ ಆಮ್ಲಜನಕ ಬಳಕೆಯಾಗಲಿ ಹೃದಯಬಡಿತವಾಗಲಿ ಸುಧಾರಿಸುವುದಿಲ್ಲವೆಂದು ಪೂರ್ವ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು ಹೇಳಿದೆ. ಅಷ್ಟರಲ್ಲಿ ಹೆಸರು ನಿಂತು ಕಾಲು ಶತಮಾನವಾಗಿತ್ತು.

ಕುದುರೆಗಳನ್ನೂ ಈ ವ್ಯಾಪಾರ ಬಿಡಲಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯಾ ಕ್ರೋಮ್ ಎಂಬ ಕುದುರೆ ಮೂಗುಪಟ್ಟಿ ಧರಿಸಿ ಕೆಂಟಕಿ ಡರ್ಬಿ ಹಾಗೂ ಪ್ರೀಕ್‌ನೆಸ್ ಎರಡನ್ನೂ ಗೆದ್ದಿತು. ಮೂರನೆಯ ಓಟ ನಡೆಯಬೇಕಿದ್ದ ನ್ಯೂಯಾರ್ಕಿನಲ್ಲಿ ಪಟ್ಟಿಗೆ ಅವಕಾಶ ಕೊಡಬೇಕೇ ಬೇಡವೇ ಎಂಬ ಪ್ರಶ್ನೆಯೆದ್ದು, ಕೊನೆಗೆ ಅನುಮತಿ ನೀಡಲಾಯಿತು. ಕುದುರೆ ಆ ಓಟವನ್ನು ಗೆಲ್ಲಲಿಲ್ಲ. ಪಟ್ಟಿಗೆ ಮಾತ್ರ ಪ್ರಚಾರ ದೊರೆಯಿತು.

2006ರಲ್ಲಿ ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ ಕಂಪನಿಯು ಸಿಎನ್‌ಎಸ್ ಅನ್ನು ಸುಮಾರು 56 ಕೋಟಿ 60 ಲಕ್ಷ ಡಾಲರುಗಳಿಗೆ ಕೊಂಡಿತು. ತದನಂತರ ಅಮೆರಿಕದ ಮಾರುಕಟ್ಟೆಯಲ್ಲಿ ಈ ಬ್ರಾಂಡು ಮತ್ತೊಮ್ಮೆ ಕೈ ಬದಲಾಯಿಸಿದೆ. ಒಡೆಯರು ಬದಲಾದರೂ ಕೊಳ್ಳುವವರ ಬಾಯಲ್ಲಿರುವ ಹೆಸರು ಅದೇ. ಪೇಟೆಂಟಿನ ಆಯುಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ವ್ಯಾಪಾರಮುದ್ರೆಯನ್ನು ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯೆಂಬುದಿಲ್ಲ. 1990ರ ದಶಕದ ಮೂಲ ಪೇಟೆಂಟುಗಳ ಅವಧಿ ತೀರಿದ ಮೇಲೆ ಪಟ್ಟಿಯ ಮೂಲ ವಿನ್ಯಾಸ ಎಲ್ಲರದೂ ಆಯಿತು. ಹೆಸರು ಮಾತ್ರ ಒಬ್ಬರದಾಗಿಯೇ ಉಳಿದಿದೆ. ಅಧಿಕ ಬೆಲೆಯ ಬಹುಪಾಲು ನಿಂತಿರುವುದು ಈ ಉಳಿದದ್ದರ ಮೇಲೆ ಎನ್ನಲಡ್ಡಿಯಿಲ್ಲ.

ಅಂಗಡಿಯ ಹೆಸರಿನ ಸರಕು

ಅಂಗಡಿಯವನು ತನ್ನ ಹೆಸರನ್ನು ಪರರು ತಯಾರಿಸಿದ ಸರಕಿನ ಮೇಲೆ ಅಚ್ಚು ಹಾಕಿಸುವ ಪದ್ಧತಿ ಇಂದು ನಿನ್ನೆಯದಲ್ಲ. 1887ರಲ್ಲಿ ಮಿಷಿಗನ್ ರಾಜ್ಯದ ಅಲೆಗನ್ ಎಂಬ ಸಣ್ಣ ಊರಿನಲ್ಲಿ ಲೂಥರ್ ಪೆರಿಗೊ ಎಂಬ ವರ್ತಕ ಮನೆಮದ್ದುಗಳನ್ನು ಪೊಟ್ಟಣ ಕಟ್ಟಿ ಹಳ್ಳಿಗಾಡಿನ ದಿನಸಿ ಅಂಗಡಿಗಳಿಗೆ ಒದಗಿಸತೊಡಗಿದರು. ಅಂಗಡಿಯವರ ಒಲವು ಗಳಿಸಲು ಅವರವರ ಹೆಸರನ್ನೇ ಚೀಟಿಯ ಮೇಲೆ ಅಚ್ಚು ಹಾಕಿಸಿಕೊಡುವ ಉಪಾಯ ಫಲಿಸಿತು. ಆ ಮನೆತನದ ಕಂಪನಿಯೇ ಮುಂದೆ ಬೆಳೆದು, ವೈದ್ಯರ ಚೀಟಿಯಿಲ್ಲದೆ ದೊರೆಯುವ ಔಷಧಗಳನ್ನು ಅಂಗಡಿ ಬ್ರಾಂಡುಗಳಿಗಾಗಿ ತಯಾರಿಸುವುದರಲ್ಲಿ ಅಮೆರಿಕದಲ್ಲಿ ಅಗ್ರಸ್ಥಾನಕ್ಕೇರಿತು. ಅದರ ಹೆಸರನ್ನು ಕೇಳರಿಯದ ಕೋಟ್ಯಂತರ ಜನ ಅದರ ಮಾತ್ರೆಗಳನ್ನು ನುಂಗಿದ್ದಾರೆ.

ಮಳಿಗೆಗೆ ಇದರಲ್ಲಿ ಎರಡು ಲಾಭ. ಮೊದಲನೆಯದು, ಪ್ರಚಾರದ ವೆಚ್ಚವಿಲ್ಲದ್ದರಿಂದ ಕಡಿಮೆ ಬೆಲೆಗೆ ಮಾರಿಯೂ ಹೆಸರಾಂತ ಸರಕಿಗಿಂತ ಹೆಚ್ಚಿನ ಲಾಭಾಂಶ ಉಳಿಯುತ್ತದೆ. ಎರಡನೆಯದು ಇನ್ನೂ ದೊಡ್ಡದು. ಪಕ್ಕದಲ್ಲೇ ತನ್ನ ಸರಕನ್ನು ಇಟ್ಟುಕೊಂಡಿರುವ ಮಳಿಗೆಯು ಹೆಸರಾಂತ ಕಂಪನಿಯೊಡನೆ ದರ ಮಾತನಾಡುವಾಗ ಗಟ್ಟಿಯಾಗಿ ಮಾತನಾಡಬಲ್ಲದು.

ಕೊಳ್ಳುವವರಲ್ಲಿ ತಿಳಿದವರು ಏನು ಮಾಡುತ್ತಾರೆ? ಈ ಪ್ರಶ್ನೆಗೆ ಬ್ರಾನೆನ್‌ಬರ್ಗ್, ಡುಬೆ, ಜೆಂಟ್ಸ್ಕೊ ಮತ್ತು ಶಪೀರೊ ಎಂಬ ನಾಲ್ವರು ಅರ್ಥಶಾಸ್ತ್ರಜ್ಞರು 2015ರಲ್ಲಿ ಉತ್ತರ ಕೊಟ್ಟರು. ಅಮೆರಿಕದ ಕುಟುಂಬಗಳ ಖರೀದಿಯ ವಿವರಗಳನ್ನು ಪರಿಶೀಲಿಸಿದಾಗ, ತಲೆನೋವಿನ ಮಾತ್ರೆ ಕೊಳ್ಳುವಾಗ ಸಾಮಾನ್ಯ ಗ್ರಾಹಕರು ನೂರಕ್ಕೆ 26 ಬಾರಿ ಹೆಸರಾಂತ ಬ್ರಾಂಡನ್ನು ಆರಿಸಿದರೆ, ಔಷಧ ವಿತರಕರಾಗಿ ವೃತ್ತಿ ಮಾಡುವವರು ಆರಿಸಿದ್ದು 9 ಬಾರಿ ಮಾತ್ರ. ಔಷಧದ ಅಂತರಂಗ ಬಲ್ಲವರು ತಮ್ಮ ಮನೆಗೆ ಅಂಗಡಿಯ ಬ್ರಾಂಡನ್ನೇ ಒಯ್ಯುತ್ತಾರೆಂದಾಯಿತು. ವೃತ್ತಿಯಿಂದ ಬಾಣಸಿಗರಾದವರೂ ಉಪ್ಪು, ಸಕ್ಕರೆಗಳಂತಹ ಅಡುಗೆಮನೆಯ ಸಾಮಗ್ರಿಗಳ ವಿಷಯದಲ್ಲಿ ಇದೇ ಬಗೆಯ ನಡವಳಿಕೆ ತೋರಿದರು.

ಮಾತ್ರೆಗೊಂದು ನ್ಯಾಯ, ಪಟ್ಟಿಗೊಂದು ನ್ಯಾಯ

ಈ ಶೋಧನೆಯನ್ನು ಮೂಗುಪಟ್ಟಿಗೆ ನೇರವಾಗಿ ಅನ್ವಯಿಸುವಲ್ಲಿ ತಪ್ಪಾಗುತ್ತದೆ. ಔಷಧ ವಿತರಕರು ಅಂಗಡಿಯ ಮಾತ್ರೆಯನ್ನು ನಂಬುವುದಕ್ಕೆ ಕಾನೂನಿನ ಆಧಾರವಿದೆ. ಅಲರ್ಜಿಗೆಂದು ಬಳಸುವ ಲೊರಾಟಡೀನ್ ಅಮೆರಿಕದಲ್ಲಿ 2002ರ ಕೊನೆಯಲ್ಲಿಯೂ ಸೆಟಿರಿಜೀನ್ 2007ರಲ್ಲಿಯೂ ಚೀಟಿಯಿಲ್ಲದೆ ಮಾರಲು ಅನುಮತಿ ಪಡೆದವು. ಇವುಗಳ ಅಂಗಡಿ ಬ್ರಾಂಡುಗಳಲ್ಲಿರುವುದು ಅದೇ ರಾಸಾಯನಿಕ, ಅದೇ ಪ್ರಮಾಣ. ಅದು ರಕ್ತಕ್ಕೆ ಸೇರುವ ಬಗೆಯೂ ಮೂಲ ಔಷಧದಂತೆಯೇ ಇದೆಯೆಂದು ಸಾಬೀತುಪಡಿಸದೆ ಮಾರುವಂತಿಲ್ಲ. ಇಲ್ಲಿ ಹೆಚ್ಚು ಬೆಲೆ ತೆರುವವರು ಬಹುಮಟ್ಟಿಗೆ ಹೆಸರಿಗೇ ತೆರುತ್ತಾರೆ.

ಮೂಗುಪಟ್ಟಿ ಔಷಧವಲ್ಲ, ಉಪಕರಣ. ಅಮೆರಿಕದ ನಿಯಮಾವಳಿಯಲ್ಲಿ ಅದು ಅತ್ಯಲ್ಪ ಅಪಾಯದ ಒಂದನೆಯ ವರ್ಗಕ್ಕೆ ಸೇರಿದ್ದು, ಮಾರುಕಟ್ಟೆಗೆ ಬರುವ ಮುನ್ನ ಸಲ್ಲಿಸಬೇಕಾದ ಅರ್ಜಿಯಿಂದಲೂ ವಿನಾಯಿತಿ ಪಡೆದಿದೆ. ತಯಾರಕರು ಸಾಮಾನ್ಯ ಗುಣಮಟ್ಟದ ನಿಯಮಗಳನ್ನು ಪಾಲಿಸಲೇಬೇಕು. ಆದರೆ ತಮ್ಮ ಪಟ್ಟಿಯು ಹೆಸರಾಂತ ಪಟ್ಟಿಯಷ್ಟೇ ಬಲವಾಗಿ ಎಳೆಯುತ್ತದೆ, ಅಷ್ಟೇ ಹೊತ್ತು ಅಂಟಿರುತ್ತದೆ ಎಂದು ಯಾರಿಗೂ ರುಜುವಾತು ಮಾಡಿ ತೋರಿಸಬೇಕಾಗಿಲ್ಲ. ಹೋಲಿಸಿ ನೋಡಿರೆಂಬ ಮಾತು ಮಾತ್ರೆಯ ಪೆಟ್ಟಿಗೆಯ ಮೇಲಿದ್ದಾಗ ಅದರ ಹಿಂದೆ ಪರೀಕ್ಷೆಯ ಫಲಿತಾಂಶವಿರುತ್ತದೆ. ಪಟ್ಟಿಯ ಪೆಟ್ಟಿಗೆಯ ಮೇಲಿದ್ದಾಗ ಅದು ಕೇವಲ ಆಹ್ವಾನ.

ಸರ್ಕಾರದ ಪರೀಕ್ಷೆಯಾಗಿದೆ ಎಂದ ಮಾತ್ರಕ್ಕೆ ಸರಕು ಫಲಕಾರಿಯೆಂದೂ ತಿಳಿಯುವಂತಿಲ್ಲ. ಮೂಗು ಬಿಡಿಸುವ ಔಷಧವಾದ ಸೂಡೊಎಫೆಡ್ರಿನ್ ಮಾದಕ ವಸ್ತುವಿನ ತಯಾರಿಕೆಗೆ ದುರ್ಬಳಕೆಯಾಗುತ್ತಿದ್ದುದರಿಂದ 2006ರಲ್ಲಿ ಅಮೆರಿಕವು ಅದನ್ನು ಮಾರಾಟಕಟ್ಟೆಯ ಹಿಂದಕ್ಕೆ ಸರಿಸಿತು. ತೆರೆದ ಕಪಾಟಿನಲ್ಲಿ ಅದರ ಜಾಗಕ್ಕೆ ಫೀನೈಲೆಫ್ರಿನ್ ಮಾತ್ರೆಗಳು ಬಂದವು. ಹೆಸರಾಂತ ಬ್ರಾಂಡುಗಳೂ ಬಂದವು, ಅವುಗಳ ಬೆನ್ನಿಗೇ ಅಂಗಡಿ ಬ್ರಾಂಡುಗಳೂ ಬಂದವು. ನುಂಗುವ ರೂಪದ ಫೀನೈಲೆಫ್ರಿನ್ ಮೂಗು ಬಿಡಿಸುವುದಿಲ್ಲವೆಂದು 2023ರ ಸೆಪ್ಟೆಂಬರಿನಲ್ಲಿ ತಜ್ಞರ ಸಲಹಾ ಸಮಿತಿಯು 16 ಮತಗಳಿಂದ ಸರ್ವಾನುಮತವಾಗಿ ಅಭಿಪ್ರಾಯಪಟ್ಟಿತು. ಅದನ್ನು ಅನುಮತಿಯ ಪಟ್ಟಿಯಿಂದ ಕೈಬಿಡುವ ಪ್ರಸ್ತಾವವನ್ನು ಆಡಳಿತವು 2024ರ ನವೆಂಬರಿನಲ್ಲಿ ಹೊರಡಿಸಿತು. ಇಷ್ಟು ವರ್ಷ ದುಬಾರಿ ಮಾತ್ರೆ ಕೊಂಡವರಿಗೂ ಅಗ್ಗದ ಮಾತ್ರೆ ಕೊಂಡವರಿಗೂ ಮೂಗು ಒಂದೇ ರೀತಿ ಕಟ್ಟಿಕೊಂಡಿತ್ತು. ಅಗ್ಗದ್ದನ್ನು ಕೊಂಡವರ ನಷ್ಟ ಕಡಿಮೆ, ಅಷ್ಟೆ.

ಪಟ್ಟಿಯನ್ನು ಕುರಿತು ಹೀಗೆ ಹೇಳುವಂತಿಲ್ಲ. ಅದು ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಕೊಂಡವರು ಮೊದಲ ರಾತ್ರಿಯೇ ತಮ್ಮ ಉಸಿರಿನಿಂದ ಅಳೆಯಬಲ್ಲರು.

ಹೋಲಿಸಬೇಕಾದದ್ದು ಅಂಟು, ಸ್ಪ್ರಿಂಗು, ಅಳತೆ

ಪಟ್ಟಿಯ ಗುಣ ನಿಂತಿರುವುದು ಮೂರೇ ವಸ್ತುಗಳ ಮೇಲೆ. ಇವುಗಳಲ್ಲಿ ಅಂಟು ಅತಿ ಮುಖ್ಯ. ಸ್ಪ್ರಿಂಗು ಸದಾ ಬಿಡಿಸಿಕೊಳ್ಳಲು ನೋಡುತ್ತಿರುತ್ತದೆ. ಅದನ್ನು ಹಿಡಿದಿಡಬೇಕಾದದ್ದು ಅಂಟು. ಚರ್ಮದ ಜಿಡ್ಡು, ಬೆವರು, ದಿಂಬಿನ ಉಜ್ಜಾಟ ಇವೆಲ್ಲವನ್ನೂ ತಡೆದು ರಾತ್ರಿಯಿಡೀ ಹಿಡಿದಿರಬೇಕು. ಬೆಳಿಗ್ಗೆ ಬೆಚ್ಚನೆಯ ನೀರು ತಾಗಿಸಿದೊಡನೆ ಚರ್ಮ ಕೀಳದೆ ಬಿಟ್ಟುಬರಬೇಕು. ಈ ಎರಡೂ ಗುಣಗಳನ್ನು ಒಂದೇ ಅಂಟಿನಲ್ಲಿ ತರುವುದು ಸುಲಭದ ಕೆಲಸವಲ್ಲ. ಅಂಗಡಿ ಬ್ರಾಂಡು ಹಿಂದೆ ಬೀಳುವುದಾದರೆ ಮೊದಲು ಇಲ್ಲಿಯೇ. ಪಟ್ಟಿಯ ತುದಿ ನಡುರಾತ್ರಿ ಎದ್ದು ನಿಂತಿತೆಂದರೆ ಉಳಿದ ಭಾಗ ಅಂಟಿದ್ದೂ ಪ್ರಯೋಜನವಿಲ್ಲ. ಅತಿಯಾಗಿ ಅಂಟುವುದು ಇನ್ನೊಂದು ದೋಷ. ಸೂಕ್ಷ್ಮ ಚರ್ಮದವರಿಗೆ ಮೂಗು ಕೆಂಪಾಗಿ ಸುಲಿದಂತಾಗುತ್ತದೆ.

ಆದರೆ ಅಂಟಿನ ಮೇಲೆ ಹೊರಿಸುವ ಆರೋಪಗಳಲ್ಲಿ ಹಲವು ಬಳಕೆಯ ದೋಷಗಳೇ ಆಗಿರುತ್ತವೆ. ಮುಖವನ್ನು ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳದೆ, ರಾತ್ರಿಯ ಕ್ರೀಮು ಹಚ್ಚಿಕೊಂಡ ಮೇಲೆ ಅಂಟಿಸಿದರೆ ಯಾವ ಬ್ರಾಂಡೂ ನಿಲ್ಲದು. ಮೂಗಿನ ತುದಿಗೂ ಬೇಡ, ಎಲುಬಿನ ಮೇಲೂ ಬೇಡ. ಹೊಳ್ಳೆಗಳ ಮೇಲ್ಭಾಗದ ಮೃದುವಾದ ಎಡೆಯಲ್ಲಿ ತುದಿಗಳು ಕೂರಬೇಕು.

ಸ್ಪ್ರಿಂಗಿನ ಬಲವನ್ನು ಹೋಲಿಸುವಾಗ ಒಂದೇ ದರ್ಜೆಯವನ್ನು ಹೋಲಿಸತಕ್ಕದ್ದು. ಹೆಸರಾಂತ ಬ್ರಾಂಡಿನಲ್ಲಿ ಸಾಧಾರಣ ಬಲದ್ದೂ ಹೆಚ್ಚು ಬಲದ್ದೂ ಬೇರೆ ಬೇರೆಯಾಗಿ ದೊರೆಯುತ್ತವೆ. ಅಂಗಡಿಯ ಸಾಧಾರಣ ಪಟ್ಟಿಯನ್ನು ಹೆಸರಾಂತರ ಹೆಚ್ಚು ಬಲದ ಪಟ್ಟಿಯೊಡನೆ ಹೋಲಿಸಿ ‘ಅಗ್ಗದ್ದು ದುರ್ಬಲ’ ಎನ್ನುವುದು ನ್ಯಾಯವಲ್ಲ. ಅಳತೆಯೂ ಹಾಗೆಯೇ. ಸಣ್ಣ ಮೂಗಿಗೆ ದೊಡ್ಡ ಪಟ್ಟಿ ಅಂಟಿಸಿದರೆ ತುದಿಗಳು ಕೆನ್ನೆಯ ಮೇಲೆ ಬಿದ್ದು ಎಳೆತವೆಲ್ಲ ವ್ಯರ್ಥ. ಹಲವು ಅಳತೆಗಳನ್ನು ದಾಸ್ತಾನಿಡುವುದರಲ್ಲಿ ಹೆಸರಾಂತ ಬ್ರಾಂಡಿಗೆ ಅನುಕೂಲ ಹೆಚ್ಚು.

ಬೆಲೆಯ ಲೆಕ್ಕವನ್ನು ಪೆಟ್ಟಿಗೆಗೆ ಹಾಕದೆ ರಾತ್ರಿಗೆ ಹಾಕುವುದು ಮೇಲು. ಲೆಕ್ಕದ ಅನುಕೂಲಕ್ಕೆ, 30 ಪಟ್ಟಿಗಳ ಹೆಸರಾಂತ ಪೆಟ್ಟಿಗೆಗೆ 15 ಡಾಲರ್, ಅಂಗಡಿಯದಕ್ಕೆ 10 ಡಾಲರ್ ಎಂದು ಇಟ್ಟುಕೊಳ್ಳೋಣ. ರಾತ್ರಿಯೊಂದಕ್ಕೆ 50 ಸೆಂಟ್ ಮತ್ತು 33 ಸೆಂಟ್ ಆಯಿತು. ಅಂಗಡಿಯ ಪಟ್ಟಿ ಕಿತ್ತುಬಂದಾಗಲೆಲ್ಲ ಎರಡನೆಯದನ್ನು ಅಂಟಿಸಿಕೊಂಡರೆ, ಐದು ರಾತ್ರಿಗೊಮ್ಮೆ ಕಿತ್ತುಬಂದರೂ ತಗಲುವುದು ರಾತ್ರಿಗೆ 40 ಸೆಂಟ್. ಎರಡು ರಾತ್ರಿಗೊಮ್ಮೆ ಕಿತ್ತುಬಂದಾಗ ಮಾತ್ರ ಎರಡರ ಖರ್ಚೂ ಸಮವಾಗುತ್ತದೆ. ಕೆಟ್ಟ ನಿದ್ದೆಗೆ ಬೆಲೆ ಕಟ್ಟುವವರು ಈ ಲೆಕ್ಕವನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಒಟ್ಟಿನಲ್ಲಿ ಒಣ ಚರ್ಮದವರಿಗೆ, ಮೂಗಿನ ಅಳತೆ ಸಾಧಾರಣವಾಗಿರುವವರಿಗೆ, ಅಂಗಡಿ ಬ್ರಾಂಡಿನ ಸಣ್ಣ ಪೆಟ್ಟಿಗೆಯೊಂದನ್ನು ಮೊದಲು ಕೊಂಡು ನೋಡುವುದೇ ಲಾಭಕರ. ಜಿಡ್ಡಿನ ಚರ್ಮದವರಿಗೂ ಪಟ್ಟಿ ಅಂಟಿಸಿದರೆ ಚರ್ಮ ಕೆರಳುವವರಿಗೂ ಹೆಸರಾಂತ ಬ್ರಾಂಡಿನ ಹಲವು ಬಗೆಗಳಲ್ಲಿ ಒಂದು ಹೊಂದಬಹುದು. ಅವರು ತೆರುವ ಹೆಚ್ಚುವರಿ ಹಣ ಬರಿಯ ಹೆಸರಿಗಲ್ಲ.

ಯಾವುದನ್ನೂ ಕೊಳ್ಳುವ ಮುನ್ನ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕಿವಿ-ಮೂಗು-ಗಂಟಲು ವೈದ್ಯರು ಬಳಸುವ ಈ ಕ್ರಮದಲ್ಲಿ ಮೂಗಿನ ಪಕ್ಕದ ಕೆನ್ನೆಯನ್ನು ಬೆರಳಿನಿಂದ ಮೆಲ್ಲಗೆ ಹೊರಕ್ಕೆಳೆದು ಉಸಿರಾಡಿ ನೋಡುತ್ತಾರೆ. ಉಸಿರು ಸರಾಗವಾದರೆ ತಡೆಯಿರುವುದು ಕವಾಟದ ಬಳಿ. ಪಟ್ಟಿ ಉಪಯೋಗಕ್ಕೆ ಬರುವ ಸಂಭವವಿದೆ. ಏನೂ ವ್ಯತ್ಯಾಸ ತೋರದಿದ್ದರೆ ತೊಂದರೆ ಇನ್ನೂ ಒಳಗಿದೆ. ಅಂಥವರು ಯಾವ ಬ್ರಾಂಡಿನ ಪಟ್ಟಿಗೆ ಹಣ ತೆತ್ತರೂ ವ್ಯರ್ಥ.

ಇನ್ನೊಂದು ಮಾತನ್ನು ಮಾರುವವರು ಮುಚ್ಚಿಡಬಾರದು. ಗೊರಕೆಗೂ ಈ ಪಟ್ಟಿಯನ್ನು ಮಾರಲಾಗುತ್ತದೆ. ಗೊರಕೆಯ ನಡುನಡುವೆ ಉಸಿರೇ ನಿಂತು ಬೆಚ್ಚಿ ಏಳುವವರಿಗೆ, ಹಗಲಿಡೀ ತೂಕಡಿಸುವವರಿಗೆ ಇರುವುದು ಬೇರೆಯೇ ರೋಗ. ನಿದ್ರೆಯಲ್ಲಿ ಉಸಿರುಕಟ್ಟುವ ಆ ತೊಂದರೆಗೆ ಮೂಗುಪಟ್ಟಿ ಚಿಕಿತ್ಸೆಯಲ್ಲವೆಂದು 2016ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು ಸ್ಪಷ್ಟಪಡಿಸಿದೆ. ಪಟ್ಟಿಯಿಂದ ಸದ್ದು ತಗ್ಗಿತೆಂದು ಸಮಾಧಾನಪಟ್ಟು ವೈದ್ಯರ ಬಳಿ ಹೋಗುವುದನ್ನು ಮುಂದೂಡಿದರೆ ಹೃದಯಕ್ಕೂ ರಕ್ತದೊತ್ತಡಕ್ಕೂ ಅಪಾಯ.

ರಾಜ್ಯದ ವರ್ತಕರಿಗೂ ತಯಾರಕರಿಗೂ

ಬೆಂಗಳೂರಿಗೆ ಅಲರ್ಜಿಯ ಊರೆಂಬ ಹೆಸರು ಅಂಟಿ ದಶಕಗಳೇ ಕಳೆದಿವೆ. ಪಾರ್ಥೇನಿಯಂ ಗಿಡವನ್ನು ಹತೋಟಿಗೆ ತರಲು 1984ರಲ್ಲಿ ಮೆಕ್ಸಿಕೊ ಮೂಲದ ಜೀರುಂಡೆಗಳನ್ನು ಬಿಟ್ಟದ್ದೂ ಈ ನಗರದಲ್ಲಿಯೇ. ಇಲ್ಲಿ ಮೂಗು ಕಟ್ಟಿದವರಿಗೆ ಹಬೆ, ಮುಲಾಮು, ಸೆಟಿರಿಜೀನ್ ಮಾತ್ರೆಗಳೇ ಪರಿಚಿತ. ಆದರೆ ಅಂಗಡಿ ಬ್ರಾಂಡೆಂಬುದು ಇಲ್ಲಿಗೂ ಬಂದಿದೆ. ಅಪೋಲೊ, ಮೆಡ್‌ಪ್ಲಸ್ ಮುಂತಾದ ಸರಪಳಿ ಮಳಿಗೆಗಳು ತಮ್ಮದೇ ಹೆಸರಿನ ಸರಕುಗಳನ್ನು ಮಾರುತ್ತಿವೆ. 2008ರಲ್ಲಿ ಆರಂಭವಾದ ಜನೌಷಧಿ ಕೇಂದ್ರಗಳು ಹೆಸರಿಲ್ಲದ ಮಾತ್ರೆಗೂ ವಿಶ್ವಾಸ ಗಳಿಸಿಕೊಟ್ಟಿವೆ.

ಮೂಗುಪಟ್ಟಿಯ ತಯಾರಿಕೆಯಲ್ಲಿ ಗಹನವಾದ ರಹಸ್ಯವೇನಿಲ್ಲ. ನೇಯದ ಬಟ್ಟೆ, ಪಾಲಿಯೆಸ್ಟರ್ ಹಾಳೆ, ವೈದ್ಯಕೀಯ ದರ್ಜೆಯ ಅಂಟು, ಕಿತ್ತೆಸೆಯುವ ಹಿಂಗಾಗದ ಇವನ್ನು ಪದರಪದರವಾಗಿ ಕೂಡಿಸಿ ಸುತ್ತುವ ಅಚ್ಚಿನಿಂದ ಕತ್ತರಿಸುವ ಕೆಲಸವದು. ಅಂಟುಚೀಟಿಗಳನ್ನು ಮುದ್ರಿಸಿ ಕತ್ತರಿಸುವ ಘಟಕಗಳಿಗೆ ಈ ಯಂತ್ರಗಳು ಅಪರಿಚಿತವಲ್ಲ. ಕಷ್ಟವಿರುವುದು ಅಂಟಿನಲ್ಲಿ ಹಾಗೂ ಕಾಗದಪತ್ರಗಳಲ್ಲಿ. ಚರ್ಮಕ್ಕೆ ತಾಗುವ ಸರಕಾದ್ದರಿಂದ ಐಎಸ್‌ಒ 10993 ಸರಣಿಯ ಜೈವಿಕ ಹೊಂದಾಣಿಕೆಯ ಪರೀಕ್ಷೆಗಳೂ, ಐಎಸ್‌ಒ 13485ರ ಗುಣಮಟ್ಟ ವ್ಯವಸ್ಥೆಯೂ ಇಲ್ಲದೆ ಪರದೇಶದ ಸರಪಳಿ ಮಳಿಗೆಗಳ ಬಾಗಿಲು ತಟ್ಟುವುದು ಕಷ್ಟ. ದೇಶದೊಳಗೆ 2017ರ ವೈದ್ಯಕೀಯ ಉಪಕರಣಗಳ ನಿಯಮಗಳು ಅನ್ವಯಿಸುತ್ತವೆ. ಕ್ರಿಮಿಶುದ್ಧಗೊಳಿಸಬೇಕಾಗಿಲ್ಲದ, ಅಳತೆಯ ಕಾರ್ಯವಿಲ್ಲದ ‘ಎ’ ವರ್ಗದ ಉಪಕರಣಗಳಿಗೆ 2022ರ ಅಕ್ಟೋಬರಿನ ಅಧಿಸೂಚನೆಯಂತೆ ಪರವಾನಗಿಯಿಂದ ವಿನಾಯಿತಿಯಿದ್ದರೂ ನೋಂದಣಿ ತಪ್ಪಿದ್ದಲ್ಲ. ತಮ್ಮ ಸರಕು ಯಾವ ವರ್ಗಕ್ಕೆ ಸೇರುತ್ತದೆಂಬುದನ್ನು ಮೊದಲೇ ಖಚಿತಪಡಿಸಿಕೊಂಡು ಬಂಡವಾಳ ಹೂಡತಕ್ಕದ್ದು.

ಗುತ್ತಿಗೆ ತಯಾರಿಕೆಗೆ ಇಳಿಯುವವರು ಎದುರಿಸಬೇಕಾದ ನಿಜವಾದ ಪ್ರಶ್ನೆ ಬೇರೆಯಿದೆ. ಸರಕು ಎಷ್ಟೇ ಚೆನ್ನಾಗಿ ಮಾರಾಟವಾದರೂ ಗ್ರಾಹಕರ ನೆನಪಿನಲ್ಲಿ ಉಳಿಯುವುದು ಮಳಿಗೆಯ ಹೆಸರು. ಮಳಿಗೆಯು ಮರುವರ್ಷ ಇನ್ನೂ ಅಗ್ಗವಾಗಿ ಕೊಡುವವರ ಕಡೆ ತಿರುಗಿದರೆ ಪೆಟ್ಟಿಗೆಯ ಬಣ್ಣವೂ ಬದಲಾಗುವುದಿಲ್ಲ. ಒಬ್ಬನೇ ಗಿರಾಕಿಯನ್ನು ನೆಚ್ಚಿ ಯಂತ್ರಕ್ಕೆ ಸಾಲ ತೆಗೆದ ಘಟಕ ಆಗ ಏನು ಮಾಡಬೇಕು? ಒಪ್ಪಂದದಲ್ಲಿ ಕನಿಷ್ಠ ಖರೀದಿಯ ಪ್ರಮಾಣ, ಕಚ್ಚಾಮಾಲಿನ ದರ ಏರಿದಾಗ ಪರಿಷ್ಕರಣೆ, ಮುದ್ರಿತ ಪೆಟ್ಟಿಗೆಗಳ ದಾಸ್ತಾನು ಉಳಿದರೆ ಅದರ ಹೊಣೆ ಇವನ್ನು ಬರೆಯಿಸಿಕೊಳ್ಳದೆ ಸಹಿ ಹಾಕುವುದು ಅವಿವೇಕ.

ಮಳಿಗೆಯ ಹೊಣೆಯೂ ಕಡಿಮೆಯದಲ್ಲ. ಔಷಧಗಳ ವಿಷಯದಲ್ಲಿ, ಪರರು ತಯಾರಿಸಿದ್ದನ್ನು ತನ್ನ ಹೆಸರಿನಲ್ಲಿ ಮಾರುವವನೂ ತಯಾರಕನೊಡನೆ ಗುಣಮಟ್ಟಕ್ಕೆ ಬಾಧ್ಯನೆಂದು 2020ರಲ್ಲಿ ತಿದ್ದುಪಡಿಯಾದ ನಿಯಮಗಳು 2021ರ ಮಾರ್ಚ್ 1ರಿಂದ ವಿಧಿಸಿವೆ. ಕಾನೂನು ಹಾಗೆನ್ನದ ಸರಕಿನಲ್ಲಿಯೂ ಗ್ರಾಹಕರು ಹಾಗೆಂದೇ ತಿಳಿಯುತ್ತಾರೆ. ಅಂಟದ ಪಟ್ಟಿಯ ಪೆಟ್ಟಿಗೆಯನ್ನು ಹಿಂದಕ್ಕೆ ತಂದವರಿಗೆ ಮರುಮಾತಿಲ್ಲದೆ ಹಣ ಮರಳಿಸುವ ಪದ್ಧತಿಯನ್ನು ಅಮೆರಿಕದ ಹಲವು ಮಳಿಗೆಗಳು ತಮ್ಮ ಬ್ರಾಂಡುಗಳಿಗೆ ಇಟ್ಟುಕೊಂಡಿವೆ. ಹಾಗೆ ಮರಳಿ ಬಂದ ಪೆಟ್ಟಿಗೆಗಳನ್ನು ತಂಡದ ಸಂಖ್ಯೆಗೆ ಅನುಸಾರವಾಗಿ ಎಣಿಸಿ ತಯಾರಕನಿಗೆ ತಿಂಗಳಿಗೊಮ್ಮೆ ತಿಳಿಸುವ ಏರ್ಪಾಡನ್ನು ಮೊದಲ ಒಪ್ಪಂದದಲ್ಲಿಯೇ ಸೇರಿಸಿಕೊಂಡರೆ, ಅಂಟಿನ ದೋಷ ಯಾವ ತಂಡದಲ್ಲಿ ಆರಂಭವಾಯಿತೆಂಬುದು ಇಬ್ಬರಿಗೂ ತಿಳಿಯುತ್ತದೆ.